ಮೂರು ಗಂಟೆಯ ರಕ್ತ

ವನಜಾಕ್ಷಿಯವರು ಆ ರಾತ್ರಿ ನಿದ್ದೆ ಮಾಡಿದ್ದರು. ಬೆಳಗಾದ ಮೇಲೆ ಅವರ ಮುಖ ನೋಡಿಕೊಂಡೇ ನಾನು, "ಇಲ್ಲ, ನೀವು ಮಲಗಲೇ ಇಲ್ಲ" ಎಂದೆ. ಅದು ಸುಳ್ಳು. ಅವರನ್ನು ಎಚ್ಚರವಾಗಿ ಇಡುವುದೇ ನನ್ನ ಕೆಲಸವಾಗಿತ್ತು. ಅವರಿಗಿಂತ ಮೊದಲು ನಾನೇ ಮಲಗಿದ್ದೆ. ಅದನ್ನು ಮುಚ್ಚಿಕೊಳ್ಳಲು, ಮೊದಲೇ ತನ್ನ ಮೇಲೆ ನಂಬಿಕೆ ಕಳೆದುಕೊಂಡಿದ್ದ ಒಬ್ಬ ಹೆಂಗಸಿನಿಂದ ಅವರ ನೆನಪನ್ನೂ ಕಿತ್ತುಕೊಂಡೆ.

ಓದುವವರು ನನಗೆ ಸಮಾಧಾನ ಹೇಳುವುದು ಬೇಡ. ಹೇಳಿದವರಿದ್ದಾರೆ. ಆಗ ನಿನಗೆ ವಯಸ್ಸಾದರೂ ಎಷ್ಟಿತ್ತು, ಪಾಪ — ನಿದ್ದೆ ಯಾರಿಗೆ ಬರೋದಿಲ್ಲ — ಎಂದವರಿದ್ದಾರೆ. ಆ 'ಪಾಪ' ಕೇಳಿದರೆ ನನಗೆ ಮೈ ಉರಿಯುತ್ತದೆ. ನನಗೆ ಪದವಿ ಬಂತು, ಕೆಲಸ ಬಂತು, ಹೆಸರಿನ ಮುಂದೆ ಡಾಕ್ಟರ್ ಬಂತು. ಪಾಪ ಯಾರು?

ನನ್ನ ಹೆಸರು ಶಾಹೀನಾ, ಊರು ದಾವಣಗೆರೆ. ಏಳು ವರ್ಷದ ಹಿಂದೆ ದೆಹಲಿಯ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮುನಿರ್ಕಾದ ಒಂದು ಗಲ್ಲಿಯಲ್ಲಿ, ಕಿಟಕಿ ತೆರೆದರೆ ಎದುರು ಮನೆಯ ಗೋಡೆ ಕೈಗೆ ಸಿಗುವಂಥ ಕೋಣೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಇದ್ದೆ. ನನ್ನ ಸಂಶೋಧನೆಯ ವಿಷಯ ಕೇಳಿದವರು ನಗುತ್ತಿದ್ದರು — ಖಿನ್ನತೆ ಇರುವವರನ್ನು ಒಂದು ರಾತ್ರಿ ಪೂರ್ತಿ ನಿದ್ದೆಗೆಡಿಸಿದರೆ ಅವರ ರಕ್ತದಲ್ಲಿರುವ ಹಾರ್ಮೋನುಗಳು ಹೇಗೆ ಬದಲಾಗುತ್ತವೆ ಎಂಬುದು. "ಬೇಜಾರಾದವರಿಗೆ ಚೆನ್ನಾಗಿ ನಿದ್ದೆ ಮಾಡಿ ಅಂತಾರೆ, ನೀವೇನು ಉಲ್ಟಾ?" ಎನ್ನುತ್ತಿದ್ದರು ಊರಿನಲ್ಲಿದ್ದ ನಮ್ಮ ಅಬ್ಬಾ ಕೂಡ, ಫೋನಿನಲ್ಲಿ.

ಉಲ್ಟಾ ಅನ್ನಿಸಿದರೂ ನಿಜ. ಆಳವಾದ ಖಿನ್ನತೆಯಲ್ಲಿರುವ ಎಷ್ಟೋ ಮಂದಿ ಒಂದು ರಾತ್ರಿ ಕಣ್ಣು ಮುಚ್ಚದೆ ಕಳೆದರೆ ಮರುದಿನ ಹಗುರಾಗುತ್ತಾರೆ. ವಾರಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದವರು ಎದ್ದು ಕೂತು ಬಾಚಣಿಗೆ ಕೇಳಿದ್ದನ್ನು ನಾನೇ ಕಂಡಿದ್ದೇನೆ. ಆ ರಾತ್ರಿ ಥೈರಾಯಿಡ್ ಗ್ರಂಥಿಯನ್ನು ಎಬ್ಬಿಸುವ ಹಾರ್ಮೋನು ಏರುತ್ತದೆ, ಕಾರ್ಟಿಸಾಲ್ ಏರುತ್ತದೆ. ನಿದ್ದೆಯ ಜೊತೆಗೆ ಏರುವಂಥವು, ಮುಖ್ಯವಾಗಿ ಬೆಳವಣಿಗೆಯ ಹಾರ್ಮೋನು, ಏರದೆ ಕೆಳಗೇ ಉಳಿಯುತ್ತವೆ. ಮತ್ತೆ ಮಲಗಿದರೆ ಹಲವರಲ್ಲಿ ಕತ್ತಲೆ ಮರಳುತ್ತದೆ, ಹೌದು. ಆದರೆ ಮೊದಲ ರಾತ್ರಿಗೆ ಫಲ ಕಂಡರೆ, ಬೆಳಗಿನ ಹೊತ್ತು ಜೋರು ಬೆಳಕಿನ ಮುಂದೆ ಕೂರಿಸಿ, ನಡುನಡುವೆ ಇಂಥದೇ ರಾತ್ರಿಗಳನ್ನು ಕೊಟ್ಟು ಅದನ್ನು ಹಿಡಿದಿಡಲು ದಾರಿಯಿತ್ತು. ಷರತ್ತು ಒಂದೇ — ನಡುವೆ ತೂಕಡಿಸಕೂಡದು. ಸಣ್ಣದೊಂದು ಜೊಂಪು ಕೂಡ ಇಡೀ ರಾತ್ರಿಯ ಫಲವನ್ನು ನುಂಗಿಬಿಡಬಹುದು. ಇದು ನನಗೆ ಬಾಯಿಪಾಠವಾಗಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು.

ವನಜಾಕ್ಷಿಯವರು ತುಮಕೂರಿನವರು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸ್ಟೆನೋಗ್ರಾಫರ್. ಲೋಧಿ ಕಾಲೋನಿಯ ಕ್ವಾರ್ಟರ್ಸ್ ಅವರ ಹೆಸರಿಗೇ ಸಿಕ್ಕಿತ್ತು. ಗಂಡ ಮೂರ್ತಿಯವರು ನೋಯ್ಡಾದ ಖಾಸಗಿ ಕಂಪನಿಯಲ್ಲಿ ಲೆಕ್ಕ ನೋಡುತ್ತಿದ್ದರು. ಹನ್ನೆರಡು ವರ್ಷದ ಒಬ್ಬಳೇ ಮಗಳು, ಪ್ರೇರಣಾ. ಕಚೇರಿಯಲ್ಲಿ ವನಜಾಕ್ಷಿಯವರ ಶಾರ್ಟ್‌ಹ್ಯಾಂಡ್‌ಗೆ ಹೆಸರಿತ್ತಂತೆ. ಎಷ್ಟು ವೇಗವಾಗಿ ಮಾತಾಡುವ ಅಧಿಕಾರಿ ಬಂದರೂ ಅವರನ್ನೇ ಕರೆಯುತ್ತಿದ್ದರು. ಆಮೇಲೆ ಒಂದು ಚಳಿಗಾಲ, ಕಾರಣವೇ ಇಲ್ಲದೆ, ಪೆನ್ಸಿಲು ನಿಧಾನವಾಯಿತು. ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದು ಚಪ್ಪಲಿ ಹಾಕಿಕೊಳ್ಳುವುದಕ್ಕೂ ಆಗದೆ ಮಂಚದ ಅಂಚಿನಲ್ಲಿ ಕೂತುಬಿಡುತ್ತಿದ್ದರು.

ಎರಡು ಬಗೆಯ ಮಾತ್ರೆಗಳಾಗಿದ್ದವು, ಪ್ರಯೋಜನವಾಗಿರಲಿಲ್ಲ. ಮುಂದಿನದು ಲಿಥಿಯಂ ಎಂದಿದ್ದರು ಡಾಕ್ಟರು. ಲಿಥಿಯಂ ಕೆಟ್ಟ ಮದ್ದಲ್ಲ, ಎಷ್ಟೋ ಜೀವ ಉಳಿಸಿದೆ. ಆದರೆ ಕೆಲವರಿಗೆ ಅದರಿಂದ ಕೈ ನಡುಗುತ್ತದೆ. ಹೊರರೋಗಿಗಳ ಸಾಲಿನಲ್ಲಿ ನನ್ನ ಕನ್ನಡ ಕೇಳಿ ಅವರು ನನ್ನ ಕೈ ಹಿಡಿದುಕೊಂಡು ಹೇಳಿದ ಮೊದಲ ಮಾತೇ ಅದು:

"ಕೈ ನಡುಗೋ ಮಾತ್ರೆ ಬೇಡಮ್ಮ. ಈ ಕೈಯಲ್ಲೇ ನನ್ನ ಅನ್ನ ಇರೋದು."

ನಾನು ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಅಪ್ಪಟ ಕನ್ನಡದಲ್ಲಿ ಒಪ್ಪಿಸಿದೆ. "ಮಾತ್ರೆ ಇಲ್ಲ, ಕರೆಂಟ್ ಶಾಕ್ ಇಲ್ಲ. ಒಂದು ರಾತ್ರಿ ಎಚ್ಚರವಾಗಿರೋದು ಅಷ್ಟೇ ಅಕ್ಕ. ಎರಡು ಗಂಟೆಗೊಂದು ಸಲ ಒಂಚೂರು ರಕ್ತ ತಗೋತಾರೆ. ನಾನು ಜೊತೇಲೇ ಇರ್ತೀನಿ."

ಜೊತೇಲೇ ಇರ್ತೀನಿ! ಬಾಯಿ ಬಿಟ್ಟರೆ ಮಾತು ಉದುರುತ್ತಿತ್ತು ನನಗೆ. ನನ್ನ ಗೈಡ್, ಕೂದಲೆಲ್ಲ ಬೆಳ್ಳಗಾದ ದೆಹಲಿಯವರೇ ಆದ ಪ್ರೊಫೆಸರ್, ಬೆನ್ನು ತಟ್ಟಿದರು. ಒಪ್ಪಿಕೊಳ್ಳುವ ರೋಗಿಗಳು ಸಿಗುವುದೇ ಕಷ್ಟವಾಗಿತ್ತು. ನನಗೊಬ್ಬರು ಸಿಕ್ಕಿದ್ದರು.

ಆ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ — ಹೇಳುವಂಥದ್ದು ನಡೆದಾಗ ನಾನು ಎಚ್ಚರವಿರಲಿಲ್ಲ. ರೋಗಿಯ ಜೊತೆ ಇಬ್ಬರಿರಬೇಕು ಎಂಬುದು ನಿಯಮ. ಇನ್ನೊಬ್ಬಳು ರಜೆ ಹಾಕಿದ್ದಳು. ನಾನು ಗೈಡ್‌ಗೆ ತಿಳಿಸಲಿಲ್ಲ. ತಿಳಿಸಿದ್ದರೆ ಮುಂದಕ್ಕೆ ಹಾಕುತ್ತಿದ್ದರು, ಪರೀಕ್ಷೆಯ ಕಿಟ್‌ಗಳ ಅವಧಿ ಮುಗಿಯುತ್ತಿತ್ತು. ಇನ್ನು ನನ್ನ ನಿದ್ದೆ — ಕಾರಣ ಹುಡುಕಬೇಡಿ. ನನಗೆ ಜ್ವರವಿರಲಿಲ್ಲ, ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹಿಂದಿನ ರಾತ್ರಿ ಗೆಳತಿಯ ಹುಟ್ಟುಹಬ್ಬವೆಂದು ಕ್ಯಾಂಪಸ್ಸಿನ ಢಾಬಾದಲ್ಲಿ ಬೆಳಗಿನವರೆಗೆ ಹರಟಿದ್ದೆ. ಇಷ್ಟೇ.

ಒಂದು ಗಂಟೆಗೆ ನರ್ಸ್ ಬಂದು ರಕ್ತ ತೆಗೆದುಕೊಂಡು ಹೋದದ್ದು ಚೆನ್ನಾಗಿ ನೆನಪಿದೆ. ಆಮೇಲೆ ಇಬ್ಬರೂ ಕವಡೆ ಆಡಿದೆವು. ಅವರು ಮಗಳ ಗಣಿತದ ಬಗ್ಗೆ ಏನೋ ಹೇಳುತ್ತಿದ್ದರು. ನಾನು ಹ್ಞೂ ಎಂದೆ. ಮುಂದಿನದು ಕಾರಿಡಾರಿನಲ್ಲಿ ಟ್ರಾಲಿಯ ಚಕ್ರದ ಸದ್ದು. ನಾನು ಕುರ್ಚಿಯಲ್ಲಿ ಕುತ್ತಿಗೆ ವಾಲಿಸಿಕೊಂಡು ಬಿದ್ದಿದ್ದೆ. ಮೈಮೇಲೆ ವನಜಾಕ್ಷಿಯವರ ಕಂದು ಶಾಲು ಇತ್ತು. ಅವರು ಮಂಚದ ಮೇಲೆ ಮಗ್ಗುಲಾಗಿ ಮಲಗಿ, ಬಾಯಿ ಸ್ವಲ್ಪ ತೆರೆದು, ತಿಂಗಳುಗಳಿಂದ ಮಾಡದಂಥ ನಿದ್ದೆ ಮಾಡುತ್ತಿದ್ದರು. ಗಡಿಯಾರದಲ್ಲಿ ಮೂರಕ್ಕೆ ನಾಲ್ಕೈದು ನಿಮಿಷ ಬಾಕಿ.

ನಾನೇನು ಮಾಡಿದೆ ಗೊತ್ತೆ? ಮೊದಲು ಶಾಲನ್ನು ಮಡಿಸಿ ಮಂಚದ ಕಾಲ್ದೆಸೆಯಲ್ಲಿ ಇಟ್ಟೆ. ಮೊದಲು ಅದು! ಆಮೇಲೆ ಅವರ ಭುಜ ಅಲುಗಿಸಿ ಎತ್ತಿ ಕೂರಿಸಿದೆ. ನರ್ಸ್ ಒಳಗೆ ಬಂದಾಗ ಇಬ್ಬರೂ ಕವಡೆಯ ಮುಂದೆ ಕೂತಿದ್ದೆವು. ಅರೆಗಣ್ಣಿನಲ್ಲಿದ್ದ ಅವರ ತೋಳಿನಿಂದ ಮೂರು ಗಂಟೆಯ ರಕ್ತ ಸಣ್ಣ ಕೊಳವೆಗೆ ಇಳಿಯಿತು. ಗಂಟೆಗೊಮ್ಮೆ ತುಂಬಬೇಕಿದ್ದ ಹಾಳೆಯಲ್ಲಿ ನಾನು ಮೂರು ಗಂಟೆಯ ಎದುರು 'ಎಚ್ಚರ' ಎಂಬ ಖಾನೆಗೆ ಗುರುತು ಹಾಕಿದೆ. ಎರಡು ಗಂಟೆಯದಕ್ಕೂ ಹಾಕಿದೆ.

ಬೆಳಿಗ್ಗೆ ಮುಖ ತೊಳೆದು ಬಂದ ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಶಾಹೀನಾ, ನಾನು ಮಧ್ಯೆ ಮಲಗಿಬಿಟ್ಟಿದ್ನಾ?"

"ಇಲ್ಲ ಅಕ್ಕ, ನೀವು ಮಲಗಲೇ ಇಲ್ಲ."

"ಕನಸು ಬಿತ್ತಲ್ಲಮ್ಮ ನಂಗೆ. ನಮ್ಮಪ್ಪ ಬಂದು ಆ ಸ್ಟೂಲ್ ಮೇಲೆ ಕೂತು ಪೇಪರ್ ಓದ್ತಿದ್ರು. ಹೋಗಿ ಒಂಬತ್ತು ವರ್ಷ ಆಯ್ತು ಅವರು…"

ನನಗೆ ಗೊತ್ತಿತ್ತು. ಖಿನ್ನತೆ ಇರುವವರಿಗೆ ಕನಸಿನ ನಿದ್ದೆ ಬೇಗ ಹತ್ತುತ್ತದೆ ಎಂಬುದು ಪುಸ್ತಕದ ಮೊದಲ ಪಾಠ. ಹೌದು ಅಕ್ಕ, ಇಬ್ಬರೂ ಮಲಗಿಬಿಟ್ಟೆವು — ಎಂದರೆ ಮುಗಿದುಹೋಗುತ್ತಿತ್ತು. ನಾಲ್ಕು ಬೈಗುಳ, ಒಂದು ಹಾಳಾದ ರಾತ್ರಿ. ವಾರ ಬಿಟ್ಟು ಮತ್ತೆ ಮಾಡಲು ಅವಕಾಶವಿತ್ತು, ನಿಯಮದಲ್ಲೇ ಬರೆದಿತ್ತು. ನಾನು ಹೇಳಿದ್ದು:

"ಅದು ಕನಸಲ್ಲ. ನಾನು ನಿಮ್ಮನ್ನೇ ನೋಡ್ತಾ ಕೂತಿದ್ದೆ. ನಿದ್ದೆಗೆಟ್ಟರೆ ಎಚ್ಚರದಲ್ಲೇ ಹಾಗೆ ಏನೇನೋ ಕಾಣತ್ತೆ."

ಅವರು ಸ್ಟೂಲಿನ ಕಡೆ ನೋಡಿದರು. ಮಡಿಸಿಟ್ಟ ಶಾಲಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ. ಏನನ್ನೋ ಕೇಳಲು ಬಾಯಿ ತೆರೆದು — ಮುಚ್ಚಿಕೊಂಡರು. ಒಬ್ಬ ಮನುಷ್ಯ ತನ್ನನ್ನು ತಾನು ನಂಬುವುದನ್ನು ಬಿಡುವ ಗಳಿಗೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಸದ್ದಿರುವುದಿಲ್ಲ.

ಅಂದು ಸಂಜೆಯವರೆಗೆ ಕಾದರೂ ಅವರ ಮುಖದಲ್ಲಿ ಗೆರೆಯಷ್ಟೂ ಬದಲಾವಣೆ ಇರಲಿಲ್ಲ. ಇರುವುದಾದರೂ ಹೇಗೆ? ಡಾಕ್ಟರು ಬಂದು ಪ್ರಶ್ನೆ ಕೇಳಿ, ಅಂಕ ಹಾಕಿ, ಫೈಲಿನಲ್ಲಿ ಬರೆದರು: ಪೂರ್ಣ ರಾತ್ರಿ ಎಚ್ಚರ, ಪರಿಣಾಮವಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿತು. "ಏನಾದರೂ ವಿಚಿತ್ರ ಅನ್ನಿಸಿತೇ?" ಎಂದು ಕೇಳಿದಾಗ ಆ ಪ್ರಾಮಾಣಿಕ ಹೆಂಗಸು, "ಎಚ್ಚರ ಇದ್ದಾಗಲೇ ಸತ್ತುಹೋದ ನಮ್ಮಪ್ಪ ಕಂಡ್ರು" ಎಂದು ನನ್ನ ಸುಳ್ಳನ್ನೇ ಅವರಿಗೆ ಒಪ್ಪಿಸಿದರು. ನಾನು ಪಕ್ಕದಲ್ಲೇ ಫೈಲು ಹಿಡಿದು ನಿಂತಿದ್ದೆ. ಭ್ರಮೆ ಎಂದು ಬರೆದುಕೊಂಡರು. ಲಿಥಿಯಂ ಜೊತೆಗೆ ಭ್ರಮೆಯದ್ದೂ ಒಂದು ಮಾತ್ರೆ ಸೇರಿತು.

ಕರೆದೊಯ್ಯಲು ಬಂದ ಮೂರ್ತಿಯವರು ಸ್ವೆಟರಿನ ತೋಳು ಎಳೆದುಕೊಳ್ಳುತ್ತ, ಹೆಂಡತಿಯ ಎದುರಿಗೇ ಹೇಳಿದರು: "ಎಲ್ಲರಿಗೂ ಆಗೋದು ಇವಳಿಗ್ ಮಾತ್ರ ಆಗಲ್ಲ. ಗುಣ ಆಗ್ಬೇಕು ಅಂತ ಮನಸ್ಸೇ ಇಲ್ಲ ಬಿಡಿ ಇವಳಿಗೆ."

ವನಜಾಕ್ಷಿಯವರು ಶಾಲು ಹೊದ್ದು ಹೊರಟರು. ಲಿಫ್ಟಿನ ಬಳಿ ನನ್ನನ್ನು ಕೇಳಿದರು — "ಇನ್ನೊಂದ್ ಸಲ ಮಾಡಕ್ಕಾಗಲ್ವಾ ಶಾಹೀನಾ? ನಾನು ಇನ್ನೂ ಗಟ್ಟಿಯಾಗಿ ಕೂತ್ಕೋತೀನಿ."

"ಒಂದು ಸಲ ಆಗ್ಲಿಲ್ಲ ಅಂದ್ರೆ ನಿಮ್ಮ ಮೈಗೆ ಅದು ಒಗ್ಗಲ್ಲ ಅಂತ ಅರ್ಥ ಅಕ್ಕ."

ಮೂರ್ತಿಯವರ ಮೇಲೆ ನನಗೆ ಇಂದಿಗೂ ಕೋಪವಿದೆ. ಆದರೆ ಅವರದು ಒರಟು ಮಾತು, ನನ್ನದು ಎರಡನೇ ಸುಳ್ಳು. ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಒಂದೂವರೆ ತಿಂಗಳ ಮೇಲೆ ಹಾರ್ಮೋನುಗಳ ಫಲಿತಾಂಶ ಬಂತು. ಉದ್ದನೆಯ ಹಾಳೆ, ಸಾಲು ಸಾಲು ಅಂಕಿಗಳು. ವನಜಾಕ್ಷಿಯವರ ಸಾಲಿನಲ್ಲಿ ಹನ್ನೊಂದು ಗಂಟೆಯದು ಸರಿ, ಒಂದು ಗಂಟೆಯದು ಸರಿ. ಮೂರು ಗಂಟೆಯ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ನೆಟ್ಟಗೆ ಮೇಲೆದ್ದಿತ್ತು. ಥೈರಾಯಿಡ್‌ನದು ಏರುವ ಬದಲು ಇಳಿದಿತ್ತು. ಗಾಢ ನಿದ್ದೆ ಮಾಡಿದವರ ರಕ್ತ ಹಾಗಿರುತ್ತದೆ. ನನ್ನ ಬಾಯಿ ಮುಚ್ಚಿಸಬಹುದು, ಅವರ ಬಾಯಿ ಮುಚ್ಚಿಸಬಹುದು — ಆ ಒಂದು ಚಮಚ ರಕ್ತದ ಬಾಯಿ ಮುಚ್ಚಿಸಲಾಗಿರಲಿಲ್ಲ.

ಗೈಡ್ ಕನ್ನಡಕ ಹಣೆಗೇರಿಸಿ ಆ ಅಂಕಿಯ ಮೇಲೆ ಪೆನ್ನು ಇಟ್ಟರು.

"ಯೇ ತೀನ್ ಬಜೇ ವಾಲಾ ಕ್ಯಾ ಹೈ? ಸೋ ಗಯೀ ಥೀ ಕ್ಯಾ?" ಮಲಗಿಬಿಟ್ಟಿದ್ದರಾ ಎಂದು ಇಷ್ಟು ನೇರವಾಗಿ ಕೇಳಿದರು. ಇದಕ್ಕಿಂತ ಅಗಲವಾಗಿ ಬಾಗಿಲು ತೆರೆಯುವುದು ಹೇಗೆ?

"ನಹೀ ಸರ್. ಸ್ಯಾಂಪಲ್ ಖರಾಬ್ ಹುವಾ ಹೋಗಾ." ಸ್ಯಾಂಪಲ್ಲೇ ಕೆಟ್ಟಿರಬೇಕು ಎಂದುಬಿಟ್ಟೆ.

"ಅಚ್ಛಾ," ಎಂದರು. "ತೋ ನಿಕಾಲ್ ದೋ."

ತೆಗೆದುಹಾಕಿದೆ. ಅಷ್ಟು ಸುಲಭವಾಗಿತ್ತು. ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಒಡೆದುಹೋಗುತ್ತಿದ್ದೆ. ಕೇಳಲಿಲ್ಲ, ಊಟದ ಹೊತ್ತಾಗಿತ್ತು. ಈ ಸುಲಭದ ಮೇಲೆ ನನಗೆ ಹೇಳಲಾಗದಷ್ಟು ರೋಷವಿದೆ. ನನ್ನ ಪ್ರಬಂಧದ ಒಂದು ರೇಖಾಚಿತ್ರದಲ್ಲಿ ಒಬ್ಬ ರೋಗಿಯ ಗೆರೆ ಒಂದು ಗಂಟೆಯಿಂದ ನೇರ ಐದು ಗಂಟೆಗೆ ಹಾರುತ್ತದೆ. ಪರೀಕ್ಷಕರು ಯಾರೂ ಕೇಳಲಿಲ್ಲ. ಕೊನೆಯಲ್ಲಿ ಚಪ್ಪಾಳೆ ತಟ್ಟಿದರು, ನಾನು ಎಲ್ಲರಿಗೂ ಸಮೋಸಾ ಕೊಡಿಸಿದೆ.

ವನಜಾಕ್ಷಿಯವರನ್ನು ಇನ್ನೊಮ್ಮೆ ನೋಡಿದ್ದೆ, ಆ ರಾತ್ರಿ ಕಳೆದ ಅದೇ ವರ್ಷ. ಹೊರರೋಗಿಗಳ ವಿಭಾಗದಲ್ಲಿ ಕೂತು ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಮುಖ ಊದಿಕೊಂಡಿತ್ತು. ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚಹಾ ಸೀರೆಯ ಮೇಲಿತ್ತು. ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ. ನಾನು ಹೋಗಿ ಲೋಟ ಹಿಡಿದುಕೊಳ್ಳಲಿಲ್ಲ. ಕಂಬದ ಹಿಂದೆ ನಿಂತು, ಅವರ ನಂಬರು ಕೂಗಿ ಅವರು ಒಳಗೆ ಹೋಗುವವರೆಗೆ ಕಾದು, ಹಿಂಬಾಗಿಲಿನಿಂದ ಹೊರಟುಹೋದೆ.

ಏಳು ವರ್ಷ ಕಳೆಯಿತು. ಗ್ರೇಟರ್ ನೋಯ್ಡಾದ ಒಂದು ಖಾಸಗಿ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು. ಈ ವರ್ಷ ಮೊದಲ ವರ್ಷದವರಿಗೆ ನಿದ್ದೆಯ ಪಾಠ ಮಾಡುತ್ತಿದ್ದೆ. ಯಾವ ಹಾರ್ಮೋನು ನಿದ್ದೆಯಲ್ಲಿ ಏರುತ್ತದೆ, ಯಾವುದು ಎಚ್ಚರದಲ್ಲಿ — ನಿರರ್ಗಳವಾಗಿ, ನಾಚಿಕೆಯಿಲ್ಲದೆ. ಖಿನ್ನತೆಗೆ ನಿದ್ದೆಗೆಡಿಸುವ ಚಿಕಿತ್ಸೆಯ ಬಗ್ಗೆಯೂ ಎರಡು ಮಾತು ಹೇಳಿದೆ. ತರಗತಿ ಮುಗಿದ ಮೇಲೆ ಉದ್ದ ಜಡೆಯ ಒಬ್ಬ ಹುಡುಗಿ ಮೇಜಿನ ಬಳಿ ನಿಂತಳು.

"ಮ್ಯಾಮ್, ಆಪ್ ಕನ್ನಡ ಜಾನ್ತೀ ಹೈ ನಾ? ನನಗೂ ಬರತ್ತೆ, ಥೋಡಾ ಥೋಡಾ." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮಮ್ಮೀಗೆ ಇದು ಮಾಡಿದ್ರು ಮ್ಯಾಮ್. ಪೂರಾ ರಾತ್ರಿ ಎಚ್ಚರ ಇದ್ರು. ಕುಛ್ ನಹೀ ಹುವಾ. ಪೂರಾ ಎಚ್ಚರ ಇದ್ದೂ ಆಗ್ಲಿಲ್ಲ ಅಂದ್ರೆ… ಮತ್ಲಬ್, ಕೇಸ್ ಹೋಪ್‌ಲೆಸ್ ಅಂತಾನಾ?"

ಅವಳ ಹೆಸರು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಹಣೆ ತಾಯಿಯದೇ.

ಅವಳು ಹೇಳುತ್ತಾ ಹೋದಳು. ಮಮ್ಮಿಯ ಕೈ ನಡುಗುವುದು ನಿಲ್ಲಲಿಲ್ಲ. ಡಿಕ್ಟೇಶನ್‌ಗೆ ಕರೆಯುವುದನ್ನು ಬಿಟ್ಟರು, ಫೈಲು ವಿಂಗಡಿಸಲು ಕೂರಿಸಿದರು. ಒಂದು ದಿನ ಹೊಸ ಅಧಿಕಾರಿಯ ಎದುರು ಪೆನ್ಸಿಲು ಕೈಜಾರಿ ಬಿತ್ತು, ಯಾರೋ ನಕ್ಕರು. ಆ ವಾರವೇ ಸ್ವಯಂ ನಿವೃತ್ತಿಗೆ ಬರೆದುಕೊಟ್ಟರು. ಕ್ವಾರ್ಟರ್ಸ್ ಬಿಡಬೇಕಾಯಿತು. ಈಗ ಇಲ್ಲೇ, ಹನ್ನೊಂದನೇ ಮಹಡಿಯ ಫ್ಲ್ಯಾಟು. ಪಪ್ಪ, ತಾನು ಬೆಳಿಗ್ಗೆ ಹೊರಟರೆ ಮಮ್ಮಿ ಒಬ್ಬರೇ. ಕನ್ನಡ ಮಾತಾಡಲು ಕೆಳಗೆ ಒಬ್ಬರೂ ಇಲ್ಲ.

"ಅಲ್ಲಿ ಒಬ್ರು ಕನ್ನಡದ ದೀದಿ ಇದ್ರಂತೆ. ಬಹುತ್ ಅಚ್ಛೀ ಥೀ, ತುಂಬಾ ಒಳ್ಳೆಯವರು ಅಂತ ಮಮ್ಮಿ ಈಗಲೂ ಹೇಳ್ತಾರೆ."

ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಹೋಗುವ ಮೊದಲು ಪ್ರೇರಣಾಗೆ ನಾನು ಯಾರೆಂದಷ್ಟೇ ಹೇಳಿದ್ದೆ, ಉಳಿದದ್ದನ್ನು ಹೇಳಿರಲಿಲ್ಲ. ಮೂರ್ತಿಯವರು ಯಾವುದೋ ಮದುವೆಗೆ ಹೋಗಿದ್ದರು. ವನಜಾಕ್ಷಿಯವರು ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ನಡುಕ ನನ್ನ ಮಣಿಕಟ್ಟಿಗೆ ತಾಕಿತು. "ಬಾ ಬಾ, ದಪ್ಪ ಆಗಿದೀಯ. ಮದುವೆ ಆಯ್ತಾ?" ಎಂದರು. ಚಿತ್ರಾನ್ನ ಮಾಡಿಸಿದ್ದರು. ನಾನು ತಟ್ಟೆ ಮುಟ್ಟದೆ ಹೇಳಿದೆ. ತಿಂದು ಹೇಳುವಷ್ಟು ಕೆಟ್ಟವಳಾಗಿರಲಿಲ್ಲ ಎಂಬುದೊಂದೇ ಹೇಳಿಕೊಳ್ಳುವಂಥದ್ದು.

"ಅಕ್ಕ, ಆ ರಾತ್ರಿ ನೀವು ಮಲಗಿದ್ರಿ. ನಾನೂ ಮಲಗಿದ್ದೆ. ನಾನು ಸುಳ್ಳು ಹೇಳಿದೆ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಮಗಳ ಮುಖ ನೋಡಿದರು.

"ಮತ್ತೆ ಹೇಳು."

ಹೇಳಿದೆ. ಎಲ್ಲವನ್ನೂ — ಶಾಲು, ಟ್ರಾಲಿ, ಮೂರು ಗಂಟೆಯ ರಕ್ತ, ಗೈಡ್ ಕೇಳಿದ ಪ್ರಶ್ನೆ. ಅವರು ಅಲುಗಾಡದೆ ಕೇಳಿದರು. ಕೊನೆಗೆ ಬಂದ ಸ್ವರ ನಾನು ಅವರಲ್ಲಿ ಎಂದೂ ಕೇಳಿರದಂಥದ್ದು.

"ಶಾಲು ಹೊದಿಸಿದ್ದು ನಂಗೆ ನೆನಪಿತ್ತು. ನಿನಗೆ ಚಳಿ ಆಗ್ತಿತ್ತು, ಮುದುರಿಕೊಂಡಿದ್ದೆ. ನಾನೇ ಹೊದಿಸಿದ್ದು ಅಂತ ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ನೋಡಿದ್ರೆ ಮಡಿಸಿಟ್ಟಿತ್ತು. ಅದೂ ಭ್ರಮೆ ಅಂದ್ಕೊಂಡೆ ಕಣೇ. ಏಳು ವರ್ಷ… ನನ್ನ ತಲೆ ಕೆಟ್ಟಿದೆ, ಕಣ್ಣಿಗೆ ಕಂಡಿದ್ದನ್ನೂ ನಂಬಬಾರದು ಅಂತ… ಗ್ಯಾಸ್ ಆರಿಸಿದೀನಾ ಅಂತ ನಾಕ್ ನಾಕ್ ಸಲ ನೋಡ್ತೀನಿ ನಾನು."

"ಅಕ್ಕ, ಕ್ಷಮಿ—"

"ಅದನ್ನ ಕೇಳಬೇಡಿ."

ಮೊದಲ ಬಾರಿಗೆ ನನಗೆ ಬಹುವಚನ ಹಾಕಿದರು. ಎದ್ದು ನಿಂತರು. ನಡುಗುವ ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದರು. "ನೀವು ಮಲಗಿದ್ದಕ್ಕೆ ನಂಗೆ ಕೋಪ ಇಲ್ಲ. ನಾನೇ ಹೊದಿಸಿದೆನಲ್ಲ. ಬೆಳಿಗ್ಗೆ ನನ್ನ ಮುಖ ನೋಡ್ಕೊಂಡು ಹೇಳಿದ್ರಲ್ಲ — ಅದು. ಲಿಫ್ಟ್ ಹತ್ರ ಇನ್ನೊಂದ್ ಸಲ ಅಂತ ಬೇಡಿದೆನಲ್ಲ, ಆಗಲೂ… ಅದು." ಉಸಿರು ಎಳೆದುಕೊಂಡರು. "ಬಾಯಲ್ಲಿ ಹೇಳಿದ್ದು ಸಾಲದು. ಬರೀರಿ. ಡಾಕ್ಟರಿಗೆ ಇಂಗ್ಲಿಷಲ್ಲಿ ಬರ್ಕೊಡಿ, ಇಲ್ಲೇ, ಈಗಲೇ. ಆಮೇಲೆ ಕನ್ನಡದಲ್ಲೂ ಬರೀರಿ, ನಾಕ್ ಜನ ಓದೋ ಹಾಗೆ. ನಮ್ಮನೆಯೋರೂ ಓದ್ಲಿ."

ಪ್ರೇರಣಾ ಒಳಗಿನಿಂದ ನೋಟ್‌ಬುಕ್ಕು ತಂದು ನನ್ನ ಮುಂದೆ ಎಸೆದಳು. ನಾನು ಊಟದ ಮೇಜಿನ ಮೇಲೆ ಎರಡು ಪುಟ ಬರೆದು ಸಹಿ ಹಾಕಿದೆ. ವನಜಾಕ್ಷಿಯವರು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಒಂದು ಕಡೆ ನಿಲ್ಲಿಸಿ, "'ಮಲಗಿರಬಹುದು' ಅಂತ ಬರೆದಿದೀರ. 'ಮಲಗಿದ್ದರು' ಅಂತ ಮಾಡಿ" ಎಂದರು. ತಿದ್ದಿದೆ. ಅಷ್ಟು ಮಾಡಿದ ಮೇಲೂ ನನ್ನ ಕೈ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿತ್ತು, ನೋಡಿ.

ಆ ಕಾಗದ ಹಿಡಿದುಕೊಂಡು ತಾಯಿ ಮಗಳು ಬೇರೊಬ್ಬ ಡಾಕ್ಟರ ಬಳಿ ಹೋದರು. ಹಳೆಯ ಫೈಲಿನ ಆ ಎರಡು ಸಾಲುಗಳನ್ನು ಈ ಡಾಕ್ಟರು ಹೊಡೆದುಹಾಕಿದರು. ಭ್ರಮೆಯ ಮಾತ್ರೆಯನ್ನು ನಿಧಾನವಾಗಿ ಇಳಿಸಿದರು. ಆಮೇಲೆ ನಿದ್ದೆಗೆಡಿಸುವ ಚಿಕಿತ್ಸೆಯನ್ನು ಇನ್ನೊಮ್ಮೆ ಮಾಡಿ ನೋಡಲು ಒಪ್ಪಿದರು. ಇದನ್ನೆಲ್ಲ ಪ್ರೇರಣಾ ಕಾಲೇಜಿನ ಮೆಟ್ಟಿಲ ಮೇಲೆ ನನಗೆ ತಿಳಿಸಿದಳು — ಮುಖ ಬೇರೆ ಕಡೆ ತಿರುಗಿಸಿಕೊಂಡು.

"ನಾನು ಬಂದು ಕೂತ್ಕೊಳ್ಲಾ?" ಎಂದೆ. ನಾಚಿಕೆ ಬಿಟ್ಟು ಕೇಳಿದೆ.

"ನಹೀ. ಮಮ್ಮಿ ಜೊತೆ ನಾನು, ಪಪ್ಪ ಕೂತ್ಕೋತೀವಿ. ಶಿಫ್ಟ್ ಹಾಕ್ಕೊಂಡಿದೀವಿ." ಎರಡು ಮೆಟ್ಟಿಲು ಇಳಿದು ನಿಂತಳು. "ನೀವು ಮನೆಗೂ ಮತ್ತೆ ಬರಬಾರದಂತೆ. ಮಮ್ಮಿ ಹೇಳಿದಾರೆ."

ಚಿಕಿತ್ಸೆಯ ಮರುದಿನ ಬೆಳಿಗ್ಗೆ ಅವಳಿಂದ ಒಂದು ಎಸ್‌ಎಂಎಸ್ ಬಂತು. ಮಮ್ಮಿ ಬಾಲ್ಕನಿಗೆ ಬಂದು ನಿಂತಿದ್ದಾರೆ, ಹಸಿವಾಗುತ್ತಿದೆ ಎಂದಿದ್ದಾರೆ, ಪಪ್ಪನಿಗೆ ಬೈದಿದ್ದಾರೆ — ಇಷ್ಟೇ ಇತ್ತು. ಎರಡು ದಿನ ಬಿಟ್ಟು ಇನ್ನೊಂದು: ಮಲಗಿ ಎದ್ದ ಮೇಲೆ ಸ್ವಲ್ಪ ಹಿಂದೆ ಹೋಗಿದ್ದಾರೆ, ಪೂರ್ತಿ ಅಲ್ಲ, ಡಾಕ್ಟರು ಮುಂದುವರಿಸೋಣ ಎಂದಿದ್ದಾರೆ. ಆಮೇಲೆ ಏನೂ ಬಂದಿಲ್ಲ. ನಾನು ಕೇಳಿಲ್ಲ.

ನನಗೆ ಸಂತೋಷವಾಗಲಿಲ್ಲ ಎನ್ನಲಾರೆ. ಆದರೆ ಆ ಸಂದೇಶ ಹಿಡಿದುಕೊಂಡು ನಾನು ಸ್ಟಾಫ್ ರೂಮಿನಲ್ಲಿ ಕೂತು ಮೇಜಿಗೆ ಮುಷ್ಟಿಯಿಂದ ಗುದ್ದಿದೆ. ಅವರ ಮೈಗೆ ಅದು ಒಗ್ಗುತ್ತಿತ್ತು! ಆಗಲೂ ಒಗ್ಗುತ್ತಿತ್ತೋ ಏನೋ. ಅಂದಿನ ಲಿಫ್ಟಿನ ಬಳಿ ಆಗಲಿ ಅಕ್ಕ, ಇನ್ನೊಂದು ಸಲ ಮಾಡೋಣ ಎಂದಿದ್ದರೆ ಅವರ ಕೈ, ಅವರ ಕೆಲಸ, ಅವರ ಲೋಧಿ ಕಾಲೋನಿಯ ಮನೆ… ಎಲ್ಲ ಉಳಿಯುತ್ತಿತ್ತು ಎಂದು ಆಣೆ ಮಾಡಲಾರೆ. ಉಳಿಯಬಹುದಿತ್ತು. ಆ 'ಬಹುದಿತ್ತು' ಎಂಬುದನ್ನು ತಿಂದವಳು ನಾನು.

ಹಳೆಯ ಗೈಡ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿದ್ದಾರೆ. ಎಲ್ಲ ಕೇಳಿ, "ಛೋಡೋ ನಾ ಅಬ್, ಇತ್ನೇ ಸಾಲ್ ಬಾದ್" ಎಂದರು — ಇಷ್ಟು ವರ್ಷದ ಮೇಲೆ ಯಾಕೆ, ಬಿಟ್ಟುಬಿಡು ಎಂದು. ಬಿಡುವುದಿಲ್ಲ ಎಂದೆ. ಸಂಸ್ಥೆಗೆ ಬರೆದು ಕಳಿಸಿದ್ದೇನೆ — ಯಾವ ಅಂಕಿ ಸರಿಯಿತ್ತು, ಅದನ್ನು ಹಾಳಾಗಿದೆ ಎಂದು ಸುಳ್ಳು ಹೇಳಿ ಯಾರು ತೆಗೆದರು, ಯಾಕೆ ತೆಗೆದರು. ಕಾಲೇಜಿಗೂ ಪ್ರತಿ ಕೊಟ್ಟಿದ್ದೇನೆ. ಪ್ರಿನ್ಸಿಪಾಲರು ಎರಡು ಸಲ ಓದಿ, ರಜೆಯ ಮೇಲೆ ಹೋಗಿ ಎಂದರು. ಪದವಿ ಹೋಗಬಹುದು, ಕೆಲಸ ಹೋಗುವುದಂತೂ ಖಚಿತ. ಹೋಗಲಿ. ಅದು ಅವರಿಗೆ ಆದದ್ದಕ್ಕೆ ಸಮ ಎಂದು ನಾನು ಹೇಳಿಕೊಂಡರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಈ ಬರಹದ ಒಂದು ಪ್ರತಿಯನ್ನು ಅವರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹನ್ನೊಂದನೇ ಮಹಡಿಯ ಕಿಟಕಿ ರಸ್ತೆಯಿಂದ ಕಾಣುತ್ತದೆ, ಬಸ್ಸಿನಲ್ಲಿ ಹೋಗುವಾಗ. ಬರಬೇಡಿ ಎಂದಿದ್ದಾರೆ. ನಾನು ಹೋಗುವುದಿಲ್ಲ.